ವಸಂತ ಟೇಲರನ ನಾಲ್ಕು ತಾಸು
ಕುಮಟಾ ಪೇಟೆಯ ವಸಂತ ಟೇಲರ್ ಹತ್ತು ರೂಪಾಯಿ ಕಟ್ಟಿ ಮೊಬೈಲಿನಲ್ಲಿ ಪೋಕರ್ ಎಂಬ ಇಸ್ಪೀಟಾಟದ ಟೂರ್ನಿ ಆಡಲು ಕೂತನೆಂದರೆ, ಅಂಗಡಿಗೆ ಬೆಂಕಿ ಬಿದ್ದರೂ ನಾಲ್ಕು ತಾಸು ಏಳುವವನಲ್ಲ. ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದವರು ನಿಂತೇ ಇರಬೇಕು. "ಒಂದ್ನಿಮಿಷ, ಒಳ್ಳೆ ಎಲೆ ಬಂದದೆ" ಎನ್ನುತ್ತಾನೆ. ಮೂವತ್ತು ರೂಪಾಯಿ ಗೆದ್ದರೆ ಹೊನ್ನಾವರ, ಭಟ್ಕಳದ ನೆಂಟರಿಗೆಲ್ಲ ಫೋನು ಹೋಗುತ್ತದೆ. ಪಕ್ಕದ ಮಿಷನ್ನಿನಲ್ಲಿ ಅವನ ಪಾಲಿನದನ್ನೂ ಹೊಲಿಯುವ ಹೆಂಡತಿ ಶಕುಂತಲೆಗೆ ಮೈಯೆಲ್ಲ ಉರಿಯುತ್ತದೆ. "ಹತ್ತೇ ರೂಪಾಯಿ, ಎಂತ ನಷ್ಟ?" ಎಂದು ಅವನು ಕೇಳಿದರೆ, "ರೂಪಾಯಿ ಹಾಳಾಗ್ಲಿ, ನಾಲ್ಕು ತಾಸು ಯಾರಪ್ಪಂದು?" ಎಂದು ಕತ್ತರಿ ಕುಕ್ಕುತ್ತಾಳೆ. ಮೊನ್ನೆ ಮಾತ್ರ ಅವನು ಮೊಬೈಲಿನಿಂದ ಕಣ್ಣು ಕೀಳದೆ, ಸಣ್ಣ ದನಿಯಲ್ಲಿ ಹೇಳಿದ: "ಇಲ್ಲಿ ಆಡ್ತಿರೋ ಮೂರು ಸಾವಿರ ಜನರಲ್ಲಿ ನಾನು ನಲವತ್ತನೆಯವ. ಮದುವೆ ಕೋಟು ಹೊಲೀತಿದ್ದವ ನಾನು. ರೆಡಿಮೇಡ್ ಬಂದ ಮೇಲೆ ಈ ಪೇಟೆಲಿ ನನ್ನ ಕೇಳುವವ್ರು ಯಾರು?" ಶಕುಂತಲೆಯ ಕಾಲು ಪೆಡಲಿನ ಮೇಲೆ ನಿಂತುಬಿಟ್ಟಿತು. ಅಯ್ಯೋ ಅನ್ನಿಸಿತು, ಅದರ ಬೆನ್ನಿಗೇ ಹಿಂದೆಂದೂ ಬಾರದಷ್ಟು ಸಿಟ್ಟು ಬಂತು. "ನಾ ಕೇಳ್ತೇ ಇದ್ನಲ್ಲ! ಊಟ ಆತಾ, ಚಾ ಬೇಕಾ, ಎಂತಕ್ಕೆ ಹಿಂಗೆ ಕೂತ್ರಿ ಅಂತ ಮೂರು ವರ್ಷದಿಂದ ಕೇಳ್ತೇ ಇದ್ದೆ. ಒಂದ್ಸಲ ಆದ್ರೂ ತಲೆ ಎತ್ತಿದ್ರಾ?"