ಮರವಡೆಯವರೆಗಿನ ಚಾರ್ಜು

ನಾನು ಕರೆಂಟಿನ ಪಿಕಪ್ ಕೊಂಡಾಗ ಅಕ್ಕಲಕೋಟೆಯ ನಮ್ಮ ಓಣಿಯವರು ಅದಕ್ಕೆ ಮೂಕ ಗಾಡಿ ಎಂದು ಹೆಸರಿಟ್ಟರು. ಅದು ಬಂದರೆ ಮಲಗಿದ ನಾಯಿ ಕೂಡ ಏಳುವುದಿಲ್ಲ ಎಂದು ನಗುತ್ತಿದ್ದರು. ನಾನು ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳುವವನಲ್ಲ. ಮದುವೆ ಮನೆಗಳಿಗೆ ಕುರ್ಚಿ, ಪಾತ್ರೆ, ಶಾಮಿಯಾನ ಸಾಗಿಸುವುದು ನನ್ನ ಕಸುಬು. ಊರೊಳಗಿನ ಆ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಗಾಡಿಯಿಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದೆ. ಈಗಲೂ ಹೇಳುತ್ತೇನೆ.

ಗಾಡಿಯ ಪೂಜೆಗೆಂದು ಸೊಲ್ಲಾಪುರದಿಂದಲೂ ಬಹಳ ಆಚೆಗಿನ ಮರವಡೆಯ ಗಂಡನ ಮನೆಯಿಂದ ಅಕ್ಕ ಬಂದಿದ್ದಳು. ಅವ್ವ ಬೇಗ ತೀರಿಕೊಂಡ ಮೇಲೆ ನನ್ನ ಮೂಗು ಒರೆಸಿ, ತಲೆ ಬಾಚಿ, ಬೈದು ಸಾಲೆಗೆ ಅಟ್ಟಿದವಳು ಅವಳೇ. ಚಕ್ರದಡಿ ನಿಂಬೆಹಣ್ಣು ಇಟ್ಟು, ಮುಂದಿನ ಸೀಟಿನಲ್ಲಿ ಕೂತು ಊರು ಸುತ್ತಿದಳು. "ಎಪ್ಪಾ, ಹೊಟ್ಟ್ಯಾನ ನೀರ ಸುದ್ದಾ ಅಲುಗಲಿಲ್ಲಲ್ಲೋ ತಮ್ಮಾ!" ಎಂದು ಮಕ್ಕಳ ಹಾಗೆ ಹಿಗ್ಗಿದಳು.

ಅದಾಗಿ ಎರಡು ತಿಂಗಳಿಗೆ ಸೊಲ್ಲಾಪುರದ ಮದುವೆಯೊಂದಕ್ಕೆ ಜನರೇಟರ್ ಬೇಕೆಂದರು. ಎರಡು ಗಾಲಿಯ ಮೇಲಿನ ಆ ಭಾರೀ ಯಂತ್ರವನ್ನು ಗಾಡಿಯ ಹಿಂದೆ ಕಟ್ಟಿಕೊಂಡು, ಸಾಲದ್ದಕ್ಕೆ ಗಾಡಿಯ ತುಂಬ ಕುರ್ಚಿ ಹೇರಿಕೊಂಡು ಹೊರಟೆ. ಬೆಳಿಗ್ಗೆಯೇ ಎರಡು ಬಾಡಿಗೆ ಮುಗಿಸಿದ್ದರಿಂದ ಚಾರ್ಜು ಅರ್ಧವೇ ಉಳಿದಿತ್ತು. ಸಾಕು ಎಂದುಕೊಂಡೆ. ಭಾರ ಎಳೆಯುವಾಗ ಈ ಗಾಡಿ ಚಾರ್ಜನ್ನು ಹೇಗೆ ಕುಡಿಯುತ್ತದೆ ಎಂದು ನನಗಿನ್ನೂ ಗೊತ್ತಿರಲಿಲ್ಲ. ವಳಸಂಗ ದಾಟುವಾಗ ಮೀಟರು ಸರಸರ ಇಳಿಯಿತು. ಕುಂಭಾರಿ ಇನ್ನೂ ಮುಂದಿರುವಾಗಲೇ ಗಾಡಿ ನಿಂತಿತು.

ಜನರೇಟರಿನಲ್ಲಿ ಡೀಸೆಲ್ ಇರಲಿಲ್ಲ. ಮದುವೆ ಮನೆಯಲ್ಲಿ ಹಾಕಿಸುವುದೆಂದು ಖಾಲಿಯೇ ತಂದಿದ್ದೆ. ಹತ್ತಿರದ ಚಹಾದಂಗಡಿಯವನು ಹೊರಗೆ ಬಂದು, "ಬೆನ್ನಿಗಿ ಕರೆಂಟಿನ ಕಾರ್ಖಾನಿ ಕಟ್ಕೊಂಡು ಕರೆಂಟ್ ಇಲ್ದ ನಿಂತಾನಲ್ರಿ!" ಎಂದು ಕೂಗಿದ. ಇದ್ದಬದ್ದವರೆಲ್ಲ ನಕ್ಕರು. ಕೊನೆಗೆ ಒಂದು ಟ್ರ್ಯಾಕ್ಟರ್ ನನ್ನ ಗಾಡಿಯನ್ನೂ ಜನರೇಟರನ್ನೂ ಒಟ್ಟಿಗೆ ಎಳೆದುಕೊಂಡು ಮದುವೆ ಮನೆಯ ಬಾಗಿಲಿಗೆ ಬಿಟ್ಟಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಸೊಲ್ಲಾಪುರ ದಾಟಿ ಈ ಗಾಡಿ ಒಯ್ಯುವುದಿಲ್ಲ ಎಂದು ಆವತ್ತೇ ಆಣೆ ಹಾಕಿಕೊಂಡೆ.

ಮರುವರ್ಷ ಅಕ್ಕನ ಬೆನ್ನೆಲುಬಿಗೆ ರೋಗ ಇಳಿಯಿತು. ದವಾಖಾನೆಗೆಂದು ಜೀಪಿನಲ್ಲಿ ಸೊಲ್ಲಾಪುರಕ್ಕೆ ಕರೆತಂದಾಗ ದಾರಿಯುದ್ದಕ್ಕೂ ಅತ್ತಳಂತೆ. ಇಂಜಿನ್ನಿನ ನಡುಕವೇ ಎಲುಬಿಗೆ ತಾಗುತ್ತಿತ್ತು. ಇನ್ನು ಮಾಡುವುದೇನೂ ಇಲ್ಲ ಎಂದು ಡಾಕ್ಟರರು ಮನೆಗೆ ಕಳಿಸಿದ ಮೇಲೆ ಅವಳು ಫೋನು ಮಾಡಿದಳು.

"ತಮ್ಮಾ, ನಿನ್ನ ಗಾಡಿ ನಡುಗಂಗಿಲ್ಲ. ಹಿಂದ ಗಾದಿ ಹಾಕಿ ಒಮ್ಮಿ ಒಯ್ಯೋ ನನ್ನ. ಎಂಟ ದಿವಸ ತವರಮನ್ಯಾಗ ಇದ್ದು ಬರ್ತೀನಿ."

"ನಿಮ್ಮೂರ ದಾರ್ಯಾಗ, ಮಂಗಳವೇಢ್ಯಾಗ ಚಾರ್ಜಿಂಗ್ ಸ್ಟೇಶನ್ ಕಟ್ಟಾಕತ್ತಾರ ಅಕ್ಕಾ. ಅದು ಚಾಲೂ ಆದ ಮರುದಿನಾನ ಬರ್ತೀನಿ," ಎಂದೆ.

ಅದು ಚಾಲೂ ಆಗಲೇ ಇಲ್ಲ. ಅವಳು ಮತ್ತೆ ಎರಡು ಸಲ ಕೇಳಿದಳು, ನಾನು ಮತ್ತೆ ಎರಡು ಸಲ ಅದನ್ನೇ ಹೇಳಿದೆ. ನಡುದಾರಿಯಲ್ಲಿ, ಬಿಸಿಲಿನಲ್ಲಿ, ಅಕ್ಕ ಹಿಂದೆ ಮಲಗಿರುವಾಗ ಗಾಡಿ ನಿಂತರೆ ಎಂಬ ಹೆದರಿಕೆ ಎಂದು ಹೆಂಡತಿಗೆ ಹೇಳಿಕೊಂಡೆ. ಅದು ಅರ್ಧ ಸತ್ಯ. ಇನ್ನೊಮ್ಮೆ ಜನ ಸುತ್ತ ನಿಂತು ನಗುವುದನ್ನು ತಾಳಲಾರೆ ಎಂಬುದು ಉಳಿದರ್ಧ. ಮನೆಯಿಂದ ಪೂರ್ತಿ ಚಾರ್ಜು ಮಾಡಿಕೊಂಡು, ಹಿಂದೆ ಏನೂ ಕಟ್ಟದೆ ಹೋದರೆ ಎಷ್ಟು ದೂರ ಹೋದೀತು ಎಂದು ಒಮ್ಮೆಯೂ ಓಡಿಸಿ ನೋಡಲಿಲ್ಲ.

ಎಲ್ಲೆಲ್ಲೂ ಮದುವೆಗಳಿದ್ದ ಲಗ್ನಸರಾಯಿಯ ಒಂದು ಬೆಳಿಗ್ಗೆ ಫೋನು ಬಂತು. ಅಕ್ಕ ಹೋಗಿದ್ದಳು.

ಗಂಡನಿಗಿಂತ ಮುಂಚೆ ಹೋದ ಹೆಣ್ಣಿಗೆ ತವರಿನ ಹಸಿರು ಸೀರೆ ಹೊದಿಸದೆ ನಮ್ಮಲ್ಲಿ ಎತ್ತುವುದಿಲ್ಲ. ಸೀರೆ ತರಬೇಕಾದವನು ಅಣ್ಣ ಅಥವಾ ತಮ್ಮ. ಹೆಂಡತಿ ಅಂಗಡಿಯವನ ಬಾಗಿಲು ಬಡಿದು ಸೀರೆ, ಹಸಿರು ಬಳೆ ತಂದಳು. ಬಾಡಿಗೆ ಜೀಪುಗಳೆಲ್ಲ ಮದುವೆಗೆ ಹೋಗಿದ್ದವು. ಅಂಗಳದಲ್ಲಿ ನನ್ನ ಗಾಡಿ ಪೂರ್ತಿ ಚಾರ್ಜಾಗಿ ನಿಂತಿತ್ತು. ಸೀರೆಯನ್ನು ಪಕ್ಕದ ಸೀಟಿನಲ್ಲಿಟ್ಟು ಹೊರಟೆ.

ಎ.ಸಿ. ಹಾಕಲಿಲ್ಲ, ವೇಗ ಏರಿಸಲಿಲ್ಲ. ನಿಂತರೆ ಯಾರದಾದರೂ ಬೈಕು ಹತ್ತಿ ಹೋಗುವುದೆಂದು ನಿಶ್ಚಯಿಸಿದ್ದೆ. ಸೊಲ್ಲಾಪುರ ದಾಟಿದಾಗ ಮೀಟರು ನೂರಕ್ಕೆ ಎಪ್ಪತ್ತೈದು ತೋರಿಸಿತು. ಬೇಗಂಪುರದಲ್ಲಿ ಭೀಮೆ ದಾಟುವಾಗ ಐವತ್ತರ ಮೇಲೆಯೇ ಇತ್ತು. ಅಲ್ಲಿಂದ ನನಗೆ ಬೇರೆ ಭಯ ಹಿಡಿಯಿತು. ನಿಲ್ಲು, ಎಲ್ಲಾದರೂ ನಿಲ್ಲು ಎಂದು ಗಾಡಿಯನ್ನು ಬೇಡಿಕೊಳ್ಳತೊಡಗಿದೆ. ಅದು ನಿಲ್ಲಲಿಲ್ಲ. ಮಂಗಳವೇಢೆ ದಾಟಿ, ಮರವಡೆಯ ಅಕ್ಕನ ಮನೆಯ ಮುಂದೆ ಬಂದಾಗ ಇನ್ನೂ ಇಪ್ಪತ್ತೆಂಟು ಉಳಿದಿತ್ತು. ಆ ಅಂಕಿಯನ್ನು ನೋಡುತ್ತ ಕೂತೆ. ಕಾಲು ಕೆಳಗಿಡಲು ಆಗಲಿಲ್ಲ. ರಾತ್ರಿ ಅವರ ಮನೆಯ ಪ್ಲಗ್ಗಿಗೆ ಹಾಕಿ, ಬೆಳಿಗ್ಗೆ ಅಕ್ಕನನ್ನು ಗಾದಿಯ ಮೇಲೆ ಮಲಗಿಸಿಕೊಂಡು ಅಕ್ಕಲಕೋಟೆಗೆ ಬರಬಹುದಿತ್ತು. ಒಮ್ಮೆಯಲ್ಲ, ಕೇಳಿದಾಗಲೆಲ್ಲ.

ಹೆಂಗಸರು ಸೀರೆ ಒಳಗೆ ಒಯ್ದರು. ಹೊದಿಸಿದ ಮೇಲೆ ಕರೆದರು. ಅಕ್ಕ ಬಹಳ ಸಣ್ಣಗಾಗಿದ್ದಳು, ಸೀರೆಯೇ ಹೆಚ್ಚು ಕಾಣುತ್ತಿತ್ತು. ನಾನು ಅವಳ ಪಾದ ಹಿಡಿದು ಅತ್ತೆ. ಯಾರೋ ಎತ್ತಿ ಹೊರಗೆ ತಂದು ಕಟ್ಟೆಯ ಮೇಲೆ ಕೂರಿಸಿದರು.

ಅಕ್ಕನ ಗಂಡ ಬಂದು ಪಕ್ಕದಲ್ಲಿ ಕೂತರು. ಅವರನ್ನು ನಾನು ಮಾಮಾ ಎನ್ನುತ್ತೇನೆ. ನಾನು ಇಲ್ಲವೆಂದಾಗಲೆಲ್ಲ, ನಿನ್ನ ತಮ್ಮನ ತಪ್ಪಲ್ಲ, ಆ ಗಾಡಿಯೇ ಇಷ್ಟು ದೂರ ಬರುವುದಿಲ್ಲ ಎಂದು ಅವಳಿಗೆ ಸಮಾಧಾನ ಹೇಳಿದವರು ಅವರೇ.

"ನಿನ್ನ ಗಾಡೀನ ತಂದೇನು? ಚಾರ್ಜ್ ಸಾಕಾತೇನೋ?" ಎಂದು ಕೇಳಿದರು.

"ಇಲ್ರಿ ಮಾಮಾ," ಎಂದೆ. "ಎರಡ ಕಡಿ ನಿಂತಿತ್ರಿ. ಹೆಂಗೋ ಬಂದು ಮುಟ್ಟಿದೆ."

ಅವರು ಹೆಗಲ ಮೇಲಿನ ಟವೆಲಿನಿಂದ ನನ್ನ ಮುಖ ಒರೆಸಿದರು. "ಹಂಗಾರ ಒಯ್ಯದಿದ್ದದ್ದ ಛಲೋ ಆತು ಬಿಡು. ಭಾಳ ತ್ರಾಸ ಆಗ್ತಿತ್ತು ಆಕೀಗಿ."

"ಹೌದ್ರಿ," ಎಂದೆ.