ನೋಡೋಣ ಮೇಷ್ಟ್ರು ಹೂಂ ಅಂದದ್ದು

ಹೆಡ್‌ಮಾಸ್ಟರಿಗೆ ಶಾಲೆಯ ಮಕ್ಕಳು ಇಟ್ಟ ಹೆಸರು ನೋಡೋಣ ಮೇಷ್ಟ್ರು. ಯಾರು ಏನು ಕೇಳಿದರೂ ಅವರ ಬಾಯಿಂದ ಮೊದಲು ಬೀಳುತ್ತಿದ್ದುದು ಅದೊಂದೇ ಮಾತು. ಸೋರುವ ನಲ್ಲಿ ರಿಪೇರಿ ಮಾಡಿಸೋಣವೇ? ನೋಡೋಣ. ಐದನೇ ತರಗತಿಯವರನ್ನು ಪ್ರವಾಸಕ್ಕೆ ಕರೆದೊಯ್ಯೋಣವೇ? ನೋಡೋಣ. ಹೆಂಡತಿ ಒಮ್ಮೆ ಬೇಸತ್ತು, "ಹುಡುಗಿ ಒಪ್ಪಿಗೆನಾ ಅಂತ ನಮ್ಮಪ್ಪ ಕೇಳಿದಾಗಲೂ ಹಾಗೇ ಅಂದಿರ್ತೀರಿ. ಪಾಪ, ಅವರಿಗೆ ಕಿವಿ ಮಂದ, ಹೂಂ ಅಂತ ಕೇಳಿಸಿರಬೇಕು" ಎಂದಿದ್ದಳು. ಅವರೂ ನಕ್ಕಿದ್ದರು. ಕೆಟ್ಟ ಮನುಷ್ಯರಲ್ಲ. ಯಾರ ಮನಸ್ಸೂ ನೋಯಬಾರದೆಂದು ಮೀನಮೇಷ ಎಣಿಸುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವರು.

ಸಾಂಕ್ರಾಮಿಕ ಬಂದು ಊರೆಲ್ಲ ಬಾಗಿಲು ಹಾಕಿಕೊಂಡಾಗ ಶಾಲೆಗೂ ಬೀಗ ಬಿತ್ತು. ಸೋಂಕು ಸ್ವಲ್ಪ ಇಳಿದ ಮೇಲೆ ಮೇಲಿನಿಂದ ಒಂದು ಆದೇಶ ಬಂತು: ಶಾಲೆ ತೆರೆಯುವುದು ಬಿಡುವುದು ಆಯಾ ಶಾಲಾ ಸಮಿತಿಗೆ ಬಿಟ್ಟದ್ದು. ಸಮಿತಿಗೆ ಅಧ್ಯಕ್ಷರು ಹೆಡ್‌ಮಾಸ್ಟರೇ. ಆಟದ ಮೈದಾನದಲ್ಲಿ ದೂರದೂರ ಕುರ್ಚಿ ಹಾಕಿ ಸಭೆ ಸೇರಿಸಿದರು. ಮಾಸ್ಕಿನೊಳಗಿನ ಮಾತು ಅಷ್ಟು ದೂರಕ್ಕೆ ಕೇಳಿಸದೆ ಎಲ್ಲರೂ ಕೂಗಾಡಬೇಕಾಯಿತು. ಕೂಗಾಡಿದ್ದರಿಂದಲೇ ಜಗಳವೂ ಹತ್ತಿತು.

"ಸಿನಿಮಾ ತೆಗೆದ್ರು, ಹೆಂಡದಂಗಡಿ ತೆಗೆದ್ರು. ಇಡೀ ಊರಲ್ಲಿ ಈ ಮಕ್ಕಳು ಮಾತ್ರಾನಾ ರೋಗ ಹರಡೋರು?" ಎಂದ ಗೇಟಿನೆದುರಿನ ಬೇಕರಿಯವನು.

"ಮಕ್ಕಳಿಗೇನೂ ಆಗಲ್ಲಪ್ಪ. ಅವು ಮನೆಗೆ ತಂದು ನಮಗೆ ಕೊಡ್ತವೆ. ಸಾಯೋರು ನಾವು ತಾನೆ" ಎಂದರು ಮೊಮ್ಮಕ್ಕಳನ್ನು ಸಾಕುತ್ತಿದ್ದ ಒಬ್ಬ ಅಜ್ಜಿ.

ಡ್ರಿಲ್ ಮೇಷ್ಟ್ರು ಎದ್ದು ನಿಂತರು. ಎತ್ತರದ ಆಳು, ಕಂಚಿನ ಕಂಠ. ಅವರಿಗೆ ಕೂಗುವುದೇನೂ ಕಷ್ಟವಿರಲಿಲ್ಲ, ಆದರೂ ತಗ್ಗಿದ ದನಿಯಲ್ಲೇ ಹೇಳಿದರು. "ನನ್ನ ಹೆಂಡತಿಗೆ ಇರೋದು ಒಂದೇ ಶ್ವಾಸಕೋಶ. ಅದೂ ಅರ್ಧ ಕೆಟ್ಟಿದೆ. ಲಸಿಕೆ ಬರ್ತಿದೆ ಅಂತಾರೆ, ಬರ್ಲಿ. ಅಲ್ಲೀತನಕ ತೆಗೀಬೇಡಿ."

ಹೆಡ್‌ಮಾಸ್ಟರೂ ಡ್ರಿಲ್ ಮೇಷ್ಟ್ರೂ ಒಟ್ಟಿಗೇ ನೌಕರಿಗೆ ಸೇರಿದವರು, ನೀನು ತಾನು ಎನ್ನುವಷ್ಟು ಸಲಿಗೆ. ಡ್ರಿಲ್ ಮೇಷ್ಟ್ರ ಹೆಂಡತಿ ಹೆಡ್‌ಮಾಸ್ಟರನ್ನು ಕರೆಯುತ್ತಿದ್ದುದೇ ಅಣ್ಣ ಅಂತ. ಸಭೆ ಎರಡು ಹೋಳಾಗಿ ಹೆಡ್‌ಮಾಸ್ಟರ ಮುಖ ನೋಡಿತು. ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಮುಂದಿನ ವಾರ ಮತ್ತೆ ಸೇರೋಣ ಎಂದರು.

ಆ ವಾರ ಪಾಠದ ಹಾಳೆಗಳನ್ನು ಹಂಚಲು ಅವರೇ ಮನೆಮನೆಗೆ ಹೋದರು. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಹೆಂಗಸೊಬ್ಬಳ ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಕಿಟಕಿಯಿಂದ ಇಣುಕಿದರು. ಎರಡನೇ ತರಗತಿಯ ಅವಳ ಮಗಳು ನೆಲದ ಮೇಲೆ ಕೂತಿದ್ದಳು. ಬಟ್ಟೆ ಒಣಹಾಕುವ ಹಗ್ಗದ ಒಂದು ತುದಿ ಕಿಟಕಿಯ ಸರಳಿಗೆ, ಇನ್ನೊಂದು ತುದಿ ಮಗುವಿನ ಸೊಂಟಕ್ಕೆ. ಒತ್ತಿ ಗಾಯವಾಗದಿರಲೆಂದು ತಾಯಿ ಮೊದಲು ಟವೆಲ್ ಸುತ್ತಿ ಅದರ ಮೇಲೆ ಹಗ್ಗ ಬಿಗಿದಿದ್ದಳು. ನೀರಿನ ಕೊಡದವರೆಗೆ, ಮೂಲೆಯ ಬಕೆಟ್‌ವರೆಗೆ ಹಗ್ಗ ಸಾಲುತ್ತಿತ್ತು.

"ಒಲೆ ಹತ್ರ ಹೋಗಬಾರದು ಅಂತ," ಎಂದಿತು ಮಗು, ಕೇಳುವ ಮೊದಲೇ. "ಅಮ್ಮ ಬಂದು ಬಿಚ್ತಾಳೆ. ಶಾಲೆ ಇನ್ನೂ ಇದೆಯಾ ಸಾರ್?"

"ಇದೆ ಕಂದಾ" ಎಂದರು. ಹಾಳೆಗಳನ್ನು ಸರಳಿನ ನಡುವೆ ತೂರಿಸಿದರು.

ಮುಂದಿನ ಸಭೆಯಲ್ಲಿ ಕೈ ಎತ್ತಿಸಿದರು. ಆ ಕಡೆ ಎಷ್ಟೋ ಈ ಕಡೆಯೂ ಅಷ್ಟೇ. ಹೆಡ್‌ಮಾಸ್ಟರ್ ಕುರ್ಚಿಯಿಂದೆದ್ದು, "ತೆಗೆಯೋಣ. ಸೋಮವಾರದಿಂದ" ಎಂದರು. ಬೇಕರಿಯವನು ಚಪ್ಪಾಳೆ ತಟ್ಟಿದ. ಅಜ್ಜಿ ಸೆರಗು ಕೊಡವಿ ಎದ್ದು ಹೋದರು. ಕಟ್ಟಿಹಾಕಿದ ಮಗುವಿನ ಸುದ್ದಿ ಹೆಡ್‌ಮಾಸ್ಟರ್ ಎತ್ತಲಿಲ್ಲ. ಎತ್ತಿದ್ದರೆ ಊರು ಆ ತಾಯಿಯನ್ನು ಹರಿದು ತಿನ್ನುತ್ತಿತ್ತು.

ಸಭೆ ಮುಗಿದ ಮೇಲೆ ಡ್ರಿಲ್ ಮೇಷ್ಟ್ರು ವರಾಂಡದಲ್ಲಿ ಕಾದಿದ್ದರು. ಮುಖದಲ್ಲಿ ಸಿಟ್ಟಿರಲಿಲ್ಲ.

"ಆಯ್ತು ಕಣೋ, ನೀನು ತೆಗೆದೆ. ನನಗೆ ಲಸಿಕೆ ಬರೋ ತನಕ ರಜೆ ಕೊಡು. ಮನೇಲಿ ಕೂತು ಫೋನಲ್ಲಿ ಆಗೋ ಕೆಲಸ ಏನಿದ್ರೂ ಹೇಳು, ಮಾಡ್ತೀನಿ."

ಮನೆಯವರಿಗೆ ಕಾಯಿಲೆ ಎಂದು ರಜೆ ಕೊಡುವ ನಿಯಮ ಇರಲಿಲ್ಲ. ಕಚೇರಿಗೆ ಫೋನ್ ಮಾಡಿ ಕೇಳಬೇಕಿತ್ತು, ಗಟ್ಟಿಯಾಗಿ ಕೇಳಿದ್ದರೆ ಸಿಗುತ್ತಿತ್ತೇನೋ. ಅಷ್ಟೊಂದು ಜನರೆದುರು ಒಂದು ತೀರ್ಮಾನ ಹೇಳಿ ಹೆಡ್‌ಮಾಸ್ಟರಿಗೆ ಸುಸ್ತಾಗಿತ್ತು.

"ನೋಡೋಣ" ಎಂದರು.

ಡ್ರಿಲ್ ಮೇಷ್ಟ್ರು ಎರಡನೇ ಸಲ ಕೇಳಲಿಲ್ಲ. ಸೋಮವಾರ ಎಲ್ಲರಿಗಿಂತ ಮೊದಲು ಬಂದು, ಗೇಟಿನಲ್ಲಿ ಮಕ್ಕಳ ಹಣೆಗೆ ಜ್ವರ ನೋಡುವ ಯಂತ್ರ ಹಿಡಿದು ನಿಂತರು. "ಸಾಲು ಸಾಲು! ಲೇ ತರಲೆ, ಮಾಸ್ಕ್ ಇರೋದು ಗಡ್ಡಕ್ಕಲ್ಲ" ಎಂದು ಅವರು ಗದರಿದರೆ ಮಕ್ಕಳು ಕಿಲಕಿಲ ನಗುತ್ತಿದ್ದರು. ಬಟ್ಟೆ ಒಗೆಯುವವಳ ಮಗಳೂ ಬಂದಳು. ಅ ಆ ಇ ಈ ಅರ್ಧ ಮರೆತಿದ್ದಳು. ಊಟದ ಬಿಡುವಿನಲ್ಲಿ ಮೈದಾನದ ಸುತ್ತ ಯಾರೂ ಅಟ್ಟದಿದ್ದರೂ ಓಡಿದಳು, ಗಂಟೆ ಹೊಡೆದರೂ ನಿಲ್ಲಲಿಲ್ಲ. ಹೆಡ್‌ಮಾಸ್ಟರ್ ತಮ್ಮ ಕೋಣೆಯ ಬಾಗಿಲಲ್ಲಿ ನಿಂತು ನೋಡಿದರು. ಮಾಡಿದ್ದು ಸರಿ ಅನ್ನಿಸಿತು. ಕಚೇರಿಗೆ ಫೋನ್ ಮಾಡುವುದು ನಾಳೆಗೆ, ನಾಡಿದ್ದಿಗೆ ಹೋಯಿತು.

ತಿಂಗಳು ತುಂಬುವ ಮೊದಲೇ ಡ್ರಿಲ್ ಮೇಷ್ಟ್ರಿಗೆ ಜ್ವರ ಬಂತು. ಸಂಕಟ ಶುರುವಾದ ದಿನವೇ ಅವರು ಹೆಂಡತಿಯನ್ನು ಒಳಗಿನ ಕೋಣೆಗೆ ಕಳಿಸಿ, ತಾವು ಹೊರಗಿನ ಮೆಟ್ಟಿಲ ಮೇಲೆ ಕೂತು ಆಂಬುಲೆನ್ಸಿಗೆ ಕಾದರಂತೆ. ಆಕೆಗೆ ಸೋಂಕು ತಗುಲಲಿಲ್ಲ. ಅವರು ಮಾತ್ರ ಆಸ್ಪತ್ರೆಯಿಂದ ಮರಳಲಿಲ್ಲ. ಮುಖ ನೋಡುವುದಕ್ಕೂ ಯಾರನ್ನೂ ಬಿಡಲಿಲ್ಲ. ರೋಗ ಶಾಲೆಯಿಂದ ಬಂತೋ, ಹಾಲಿನಂಗಡಿಯಿಂದ ಬಂತೋ ಹೇಳಬಲ್ಲವರಿರಲಿಲ್ಲ. ಸಹೋದ್ಯೋಗಿಗಳು ಆ ಮಾತನ್ನೇ ಹೇಳಿ ಹೆಡ್‌ಮಾಸ್ಟರನ್ನು ಸಮಾಧಾನ ಮಾಡಿದರು. ಸಮಾಧಾನ ಆಗಲಿಲ್ಲ.

ಓಡಾಡಬಹುದು ಎಂದಾದ ಮೇಲೆ ಹೆಡ್‌ಮಾಸ್ಟರ್ ಡ್ರಿಲ್ ಮೇಷ್ಟ್ರ ಮನೆಗೆ ಹೋದರು. ಅವರ ಹೆಂಡತಿ ಬಾಗಿಲನ್ನು ಅರ್ಧ ತೆರೆದು, ಚೌಕಟ್ಟಿಗೆ ಒರಗಿ ನಿಂತಳು. ಒಳಗೆ ಕರೆಯಲಿಲ್ಲ. ಹೊಸಿಲಿನಾಚೆಯೇ ನಿಂತು ಅವರು ಎಲ್ಲ ಹೇಳಿದರು, ಕಿಟಕಿಯ ಸರಳು, ಹಗ್ಗ, ಟವೆಲ್, ಆ ಮಗು ಓಡಿದ್ದು. ಹೇಳುತ್ತ ಹೇಳುತ್ತ, ತಾನು ದುಃಖ ಹಂಚಿಕೊಳ್ಳಲು ಬಂದಿಲ್ಲ, ಕ್ಷಮೆ ವಸೂಲು ಮಾಡಲು ಬಂದಿದ್ದೇನೆ ಎಂದು ಅವರಿಗೇ ಅರಿವಾಗಿ ಮಾತು ನಿಂತಿತು.

ಆಕೆ ಉಸಿರು ಒಟ್ಟು ಮಾಡಿಕೊಂಡಳು. ಎರಡು ಮಾತಿಗೊಮ್ಮೆ ನಿಲ್ಲಬೇಕಿತ್ತು ಅವಳಿಗೆ.

"ಆ ಮಗು ಚೆನ್ನಾಗಿರಲಿ ಮೇಷ್ಟ್ರೇ. ಶಾಲೆ ತೆಗೆದಿದ್ದಕ್ಕೆ ನಾನೇನೂ ಅನ್ನಲ್ಲ, ಅವರೂ ಅನ್ನಲಿಲ್ಲ. ರಜೆ ಕೇಳಿದ್ರಲ್ಲ... ಕೊಡಲ್ಲ ಅಂತಾದ್ರೂ ಅನ್ನಬೇಕಿತ್ತು ನೀವು. ಅಂದಿದ್ರೆ ನೌಕರಿ ಬಿಡ್ತೀನಿ ಅಂತ ಕೂತಿದ್ರು. ನೀವು ಏನಾದ್ರೂ ಮಾಡ್ತೀರಿ ಅಂತ ದಿನಾ ಕಾದ್ರು."

ಅಣ್ಣ ಹೋಗಿ ಮೇಷ್ಟ್ರೇ ಆದದ್ದು ಅವರಿಗೆ ಚುಚ್ಚಿತು.

"ಇನ್ನು ಈ ಮನೆಗೆ ಬರಬೇಡಿ" ಎಂದು ಬಾಗಿಲು ಹಾಕಿಕೊಂಡಳು. ಜೋರಾಗಿ ಹಾಕಲಿಲ್ಲ.

ಸಾವಿನ ಮರುದಿನವೇ ಶಾಲೆಗೆ ಬೀಗ ಬಿದ್ದಿತ್ತು. ಕೆಲವು ವಾರಗಳ ಮೇಲೆ ಮತ್ತೆ ಸಭೆ, ಮತ್ತೆ ಅದೇ ಕೂಗಾಟ. ಈ ಸಲ ಅಜ್ಜಿ ಬಂದಿರಲಿಲ್ಲ. ಹೆಡ್‌ಮಾಸ್ಟರ್ ಮತ್ತೆ ತೆಗೆಯೋಣ ಎಂದರು. ಮನೆಯಲ್ಲಿ ಕಾಯಿಲೆಯವರಿರುವ ಮೇಷ್ಟ್ರುಗಳ್ಯಾರೂ ಬರಬೇಕಾಗಿಲ್ಲ, ನಿಯಮ ಕೇಳಿದವರಿಗೆ ನನ್ನ ಹೆಸರು ಹೇಳಿ ಎಂದೂ ಸೇರಿಸಿದರು. ಕಚೇರಿಯಿಂದ ಛೀಮಾರಿ ಬಂತು, ಸೈ ಮಾಡಿ ತೆಗೆದುಕೊಂಡರು. ಅಂದಿನಿಂದ ಯಾರೇನು ಕೇಳಿದರೂ ಆಗುತ್ತೆ, ಇಲ್ಲವೇ ಆಗಲ್ಲ, ಅಲ್ಲಿಗೆ ಮುಗಿಯಿತು. ಅವರ ಹತ್ತಿರ ಹೋಗಲು ಕಿರಿಯ ಮೇಷ್ಟ್ರುಗಳು ಅಂಜತೊಡಗಿದರು.

ಲಸಿಕೆ ಹಾಕಿಸಿಕೊಳ್ಳಲು ಸಾಲಿನಲ್ಲಿ ನಿಂತ ದಿನ, ಡ್ರಿಲ್ ಮೇಷ್ಟ್ರ ಹೆಂಡತಿಯೂ ಬಂದಿರಬಹುದೇ ಎಂದು ಕಣ್ಣಾಡಿಸಿದರು. ಕಾಣಲಿಲ್ಲ. ಬರುವಾಗ ಅವಳ ಬೀದಿಯ ತಿರುವಿನಲ್ಲಿ ತರಕಾರಿ ಗಾಡಿಯವನನ್ನು ವಿಚಾರಿಸಿದರು.

"ಅವರಾ? ಹೋದ ತಿಂಗಳೇ ಮನೆ ಖಾಲಿ ಮಾಡಿದ್ರಲ್ಲ ಸಾರ್. ತಂಗಿ ಬಂದು ಕರ್ಕೊಂಡು ಹೋದ್ರು."

"ಯಾವ ಊರು?"

"ಕೇಳಲಿಲ್ಲ" ಎಂದ ಅವನು, ಸೊಪ್ಪಿಗೆ ನೀರು ಚಿಮುಕಿಸುತ್ತ.