ರಾಜಲಕ್ಷ್ಮಿಯ ಫಿನ್‌ಲೆಂಡ್

ಅಮೆರಿಕದ ರೌಂಡ್ ರಾಕಿನ ಆ ಪ್ರಾಥಮಿಕ ಶಾಲೆಯಲ್ಲಿ ವರ್ಷಕ್ಕೊಂದು ಸಂಜೆ ‘ಇಂಟರ್‌ನ್ಯಾಷನಲ್ ನೈಟ್’. ಊಟದ ಹಾಲ್‌ನಲ್ಲಿ ದೇಶಕ್ಕೊಂದು ಮೇಜು. ಇಂಡಿಯಾದ ಮೇಜು ಮೊದಲಿನಿಂದಲೂ ಮೈಸೂರಿನ ರಾಜಲಕ್ಷ್ಮಿಯದು. ಪ್ರತಿ ವರ್ಷ ಶಾಲೆಯವರೇ ಫೋನ್ ಮಾಡಿ ಕೇಳುತ್ತಿದ್ದರು, ಇವಳು ಸ್ವಲ್ಪ ಬಿಗುಮಾನ ಮಾಡಿ ಒಪ್ಪುತ್ತಿದ್ದಳು.

ಮೈಸೂರಿನಲ್ಲಿ ಅವಳು ಹೈಸ್ಕೂಲಿಗೆ ಭೂಗೋಳ ಹೇಳುತ್ತಿದ್ದ ಮೇಡಂ. ಗಂಡ ಜಯಂತನ ವೀಸಾದ ನೆರಳಲ್ಲಿ ಇಲ್ಲಿಗೆ ಬಂದ ಮೇಲೆ ಕೆಲಸ ಮಾಡುವ ಹಾಗೇ ಇಲ್ಲ. ಅಂಗಡಿಯಲ್ಲಿ ಪೇಪರ್ ಚೀಲವೋ ಪ್ಲಾಸ್ಟಿಕ್ ಚೀಲವೋ ಎಂದು ಕೇಳುವ ಹುಡುಗಿಯನ್ನು ಬಿಟ್ಟರೆ, ಅವಳಿಗೊಂದು ಪ್ರಶ್ನೆ ಹಾಕಿ ಉತ್ತರಕ್ಕೆ ಕಾಯುವವರು ಯಾರಿದ್ದರು? ಆ ಮೇಜಿನ ಹಿಂದೆ ನಿಂತಾಗ ಮಾತ್ರ ಅವಳು ಮತ್ತೆ ಮೇಡಂ.

೨೦೦೩ರಲ್ಲಿ ಶಾಲೆಯಿಂದ ಇಮೇಲ್ ಬಂತು: ಮೊದಲು ಹೆಸರು ಕೊಟ್ಟವರಿಗೆ ಮೇಜು. “ಬೇಗ ಕೊಟ್ಬಿಡೇ” ಎಂದ ಜಯಂತ. “ಬೇಕಾದ್ರೆ ಅವ್ರೇ ಕರೀತಾರೆ. ಕೇಳ್ಕೊಂಡು ಹೋಗೋದಕ್ಕೆ ನನಗೇನು ಗತಿಗೆಟ್ಟಿದ್ಯಾ?” ಎಂದು ಇವಳು ಕಾದಳು.

ಯಾರೂ ಕರೆಯಲಿಲ್ಲ. ಒಂದು ಮಧ್ಯಾಹ್ನ ಮಗಳು ಅನಘಾ ಬ್ಯಾಗ್ ಎಸೆದು ಕುಣಿದಳು. “ಅಮ್ಮಾ, ತುಳಸಿ ಆಂಟಿ ಈಸ್ ಡೂಯಿಂಗ್ ಇಂಡಿಯಾ! ಐ ಗೆಟ್ ಟು ಹೆಲ್ಪ್!”

ತುಳಸಿ! ಹುಬ್ಬಳ್ಳಿಯಿಂದ ಬಂದು ಇನ್ನೂ ವರ್ಷ ತುಂಬಿಲ್ಲ! ರಾಜಲಕ್ಷ್ಮಿಗೆ ಮೈಯೆಲ್ಲ ಉರಿಯಿತು. ಶಾಲೆಗೆ ಫೋನ್ ಮಾಡಿದರೆ ಉಳಿದಿರುವುದು ಫಿನ್‌ಲೆಂಡ್ ಒಂದೇ ಎಂದರು. ಹಠಕ್ಕೆ ಬಿದ್ದು ಅದನ್ನೇ ಹಿಡಿದಳು.

ಸಂಜೆ ತುಳಸಿಯೇ ಫೋನ್ ಮಾಡಿದಳು. “ಅಕ್ಕಾರ, ನಂಗ ಗೊತ್ತೇ ಇರಲಿಲ್ರಿ. ನಿಮಗ ಬೇಕಂದ್ರ ಬಿಟ್ಟುಕೊಡ್ತೀನ್ರಿ.”

“ಅಯ್ಯೋ, ಬೇಡಪ್ಪಾ! ನನಗೂ ಅದೇ ಅದೇ ಮಾಡಿ ಸಾಕಾಗಿತ್ತು” ಎಂದು ನಕ್ಕು, ಫೋನಿಟ್ಟು ಅತ್ತಳು. ಬಿಟ್ಟುಕೊಡ್ತಾಳಂತೆ, ದಾನ!

ಅಂದಿನಿಂದ ಲೈಬ್ರರಿಯೇ ಮನೆಯಾಯಿತು. ಹೊಟ್ಟೆಕಿಚ್ಚಿನಲ್ಲಿ ಓದಿದ್ದು ಮರೆತುಹೋಗುವುದಿಲ್ಲ ನೋಡಿ. ನೆಲದ ಮುಕ್ಕಾಲು ಪಾಲು ಕಾಡು, ಲಕ್ಷಕ್ಕೂ ಮೀರಿದ ಕೆರೆಗಳು. ಉತ್ತರದ ತುದಿಯಲ್ಲಿ ಬೇಸಿಗೆಗೆ ಸೂರ್ಯ ಮುಳುಗುವುದೇ ಇಲ್ಲ. ತುಳಸಿಯ ಹಾಗೆ, ಸದಾ ಹಲ್ಲು ಕಿರಿದುಕೊಂಡು! ಹೆಲ್ಸಿಂಕಿಯ ಪಾರ್ಲಿಮೆಂಟಿನಲ್ಲಿ ಇನ್ನೂರು ಜನ, ದೇಶದ ಅಧ್ಯಕ್ಷೆ ಹೆಂಗಸು. ಮರ, ಕಾಗದ, ಮೊಬೈಲ್ ಫೋನು ಮಾರಿ ಬದುಕುವ ದೇಶ. ಜನ ಅರ್ಧ ಕೋಟಿ ಮಾತ್ರ, ಅವರೂ ಮಾತು ಕಡಿಮೆ. ಅದೊಂದು ಅವಳಿಗೆ ಬಹಳ ಹಿಡಿಸಿತು.

ಆ ಸಂಜೆ ಫಿನ್‌ಲೆಂಡಿನ ಮೇಜು ನೋಡುವಂತಿತ್ತು. ಹತ್ತಿಯ ಹಿಮ, ನೀಲಿ ಕಾಗದದ ಕೆರೆಗಳು, ಅಚ್ಚುಕಟ್ಟಾದ ನಕ್ಷೆ. ಆದರೆ ನೋಡುವವರು ಬೇಕಲ್ಲ! ಜನವೆಲ್ಲ ತುಳಸಿಯ ಮುಂದೆ. ಅಲ್ಲಿ ಮೆಹಂದಿ, ಗಿರ್ಮಿಟ್ಟು, ನಗು. ಮಕ್ಕಳು ಕೈಯಲ್ಲಿ ಆಟದ ಪಾಸ್‌ಪೋರ್ಟ್ ಹಿಡಿದು ದೇಶದೇಶಕ್ಕೆ ಹೋಗಿ ಠಸ್ಸೆ ಹಾಕಿಸಿಕೊಳ್ಳುವುದು ಪದ್ಧತಿ. ಅಲ್ಲಿ ಠಸ್ಸೆ ಒತ್ತುತ್ತಿದ್ದವಳು ಸ್ವಂತ ಮಗಳು, ಮೊಣಕೈವರೆಗೆ ತುಳಸಿಯ ಬಳೆ ತೊಟ್ಟುಕೊಂಡು.

ಕೊನೆಗೆ ಎತ್ತರದ ಮನುಷ್ಯನೊಬ್ಬ ಪುಟ್ಟ ಮಗನ ಕೈ ಹಿಡಿದು ಬಂದ. ಫಿನ್‌ಲೆಂಡಿನವನೇ. ನಕ್ಷೆಯನ್ನು ಬಹಳ ಹೊತ್ತು ನೋಡಿ, ತನ್ನೂರಿನ ಕೆರೆಯನ್ನು ಮಗನಿಗೆ ತೋರಿಸಿ, ಎಲ್ಲ ಸರಿಯಾಗಿದೆ ಎಂದ. ಆಮೇಲೆ ಕೇಳಿದ: ನಿಮ್ಮದು ಯಾವ ದೇಶ?

ರಾಜಲಕ್ಷ್ಮಿ ಆ ಗದ್ದಲದ ಕಡೆ ಬೆರಳು ತೋರಿಸಿದಳು. ಹಾಗಾದರೆ ಬನ್ನಿ, ತೋರಿಸಿ ಎಂದ ಅವನು. ಇಲ್ಲವೆನ್ನುವುದು ಹೇಗೆ? ಮೂವರೂ ಸಾಲಿನಲ್ಲಿ ನಿಂತರು. ಹುಡುಗ ತನ್ನ ಹತ್ತಿರ ಹೆಚ್ಚಿಗೆಯಿದ್ದ ಪಾಸ್‌ಪೋರ್ಟೊಂದನ್ನು ಅವಳ ಕೈಗೆ ತುರುಕಿದ.

ಸರದಿ ಬಂತು. ಬಗ್ಗಿಸಿದ ತಲೆ ಎತ್ತದೆಯೇ ಅನಘಾ ಅದನ್ನು ಎಳೆದುಕೊಂಡು ಠಸ್ಸೆ ಒತ್ತಿ, ಬಾಯಿಪಾಠದಂತೆ ಹೇಳಿದಳು: “ವೆಲ್‌ಕಮ್ ಟು ಇಂಡಿಯಾ! ಹ್ಯಾವ್ ಯೂ ಬೀನ್ ಹಿಯರ್ ಬಿಫೋರ್?”

ಉತ್ತರಕ್ಕೆ ಕಾಯದೆ ಮಗಳು ಮುಂದಿನ ಪಾಸ್‌ಪೋರ್ಟಿಗೆ ಕೈ ಚಾಚಿದಳು. ಹಿಂದಿನಿಂದ ಯಾರೋ ಮೆತ್ತಗೆ “ಎಕ್ಸ್‌ಕ್ಯೂಸ್ ಮಿ” ಎಂದರು. ರಾಜಲಕ್ಷ್ಮಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.